ಕಾನೂನಿನ ಗುರು ಡಾ. ಬಾಬಾಸಾಹೇಬ ಅಂಬೇಡಕರ

ನಮ್ಮ ಸೊಲ್ಲಾಪುರದ ನೆಲ ಶಿವಯೋಗಿ ಸಿದ್ಧರಾಮೇಶ್ವರರು ನಡೆದಾಡಿದ ನೆಲ. ಹನ್ನೆರಡನೆಯ ಶತಮಾನದಲ್ಲಿ ಆ ಮಹಾತ್ಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ನೀರು ಕೊಡುವುದೇ ಶಿವಪೂಜೆಯೆಂದು ಲೋಕಕ್ಕೆ ತೋರಿಸಿಕೊಟ್ಟರು. ಇಂಥ ನೆಲದಲ್ಲಿ ಹೊರಡುವ ಜಾತ್ರೆಯ ಸಂಚಿಕೆಯಲ್ಲಿ ಈ ಸಲ ಇನ್ನೊಂದು ಕೆರೆಯ ನೀರಿಗಾಗಿ ಹೋರಾಡಿದ ಮಹಾಪುರುಷರೊಬ್ಬರ ಜೀವನವನ್ನು ಸ್ಮರಿಸೋಣ. ಅವರು ಭಾರತರತ್ನ ಡಾ. ಬಾಬಾಸಾಹೇಬ ಅಂಬೇಡಕರ.

ದೇವಸ್ಥಾನದ ಸಂಚಿಕೆಯಲ್ಲಿ ಇವರ ಚರಿತ್ರೆ ಏಕೆ ಎಂದು ಕೆಲವರು ಕೇಳಿಯಾರು. ದೇವಸ್ಥಾನದ ಬಾಗಿಲು ತಮಗೆ ಮುಚ್ಚಿದ್ದನ್ನು ಕಂಡು, ಆ ಬಾಗಿಲು ಎಲ್ಲರಿಗೂ ತೆರೆಯುವಂಥ ಕಾನೂನನ್ನು ದೇಶಕ್ಕೆ ರೂಪಿಸಿಕೊಟ್ಟವರಲ್ಲಿ ಅವರೇ ಮುಖ್ಯರು. ಹೀಗಿರುವಾಗ ಅವರ ಸ್ಮರಣೆಗೆ ದೇವಸ್ಥಾನದ ಅಂಗಳಕ್ಕಿಂತ ಯೋಗ್ಯವಾದ ಸ್ಥಳ ಬೇರೆ ಯಾವುದಿದ್ದೀತು? ರಾಜಕಾರಣಿ, ಸಂವಿಧಾನದ ಶಿಲ್ಪಿ ಎಂದು ಅವರನ್ನು ಎಲ್ಲರೂ ಬಲ್ಲರು. ಅವರು ಹಲವು ವರ್ಷ ಕಾನೂನಿನ ಮೇಷ್ಟ್ರಾಗಿ ಪಾಠ ಹೇಳಿದವರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಆ ಮಗ್ಗುಲನ್ನು ವಿಶೇಷವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಭೀಮರಾವ ಅವರು 1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕಪಾಳ ಸೈನ್ಯದಲ್ಲಿ ಸುಬೇದಾರರು, ತಾಯಿ ಭೀಮಾಬಾಯಿ. ಈ ದಂಪತಿಗಳ ಹದಿನಾಲ್ಕನೆಯ ಕೂಸು ಇವರು. ಮೂಲ ಊರು ರತ್ನಾಗಿರಿ ಜಿಲ್ಲೆಯ ಅಂಬಡವೆ. ಮನೆತನ ಮಹಾರ ಜಾತಿಗೆ ಸೇರಿದ್ದು. ತಾಯಿಯನ್ನು ಎಳವೆಯಲ್ಲಿಯೇ ಕಳೆದುಕೊಂಡ ಹುಡುಗನ ಓದು ಸಾತಾರೆಯಲ್ಲಿ ನಡೆಯಿತು. ಶಾಲೆಯಲ್ಲಿ ಉಳಿದ ಮಕ್ಕಳಿಂದ ದೂರ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡ್ರಬೇಕಾಗಿತ್ತು. ನೀರಡಿಸಿದರೆ ಶಾಲೆಯ ಜವಾನ ಬಂದು ನಳ ತಿರುವಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ.

1901ರ ಬೇಸಿಗೆಯಲ್ಲಿ ನಡೆದ ಸಂಗತಿಯೊಂದನ್ನು ಅವರು ದೊಡ್ಡವರಾದ ಮೇಲೆ ಬರೆದಿಟ್ಟಿದ್ದಾರೆ. ನೌಕರಿಗಾಗಿ ದೂರದ ಊರಿನಲ್ಲಿದ್ದ ತಂದೆಯನ್ನು ಕಾಣಲು ಅಣ್ಣ ಮತ್ತು ಅಕ್ಕನ ಮಕ್ಕಳೊಡನೆ ರೈಲಿನಲ್ಲಿ ಹೊರಟು ಮಸೂರ ಸ್ಟೇಶನ್ನಿನಲ್ಲಿ ಇಳಿದರು. ಕಾಗದ ಸಕಾಲಕ್ಕೆ ಮುಟ್ಟದೆ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಚಂದದ ಅಂಗಿ ಟೊಪ್ಪಿಗೆಯ ಮಕ್ಕಳನ್ನು ಕಂಡು ಮಮತೆಯಿಂದ ವಿಚಾರಿಸಿದ ಸ್ಟೇಶನ್ ಮಾಸ್ತರರು, ಜಾತಿ ತಿಳಿದೊಡನೆ ಹಿಂದೆ ಸರಿದರು. ಗಾಡಿಯವರು ಯಾರೂ ಒಪ್ಪಲಿಲ್ಲ. ಕಡೆಗೆ ಒಬ್ಬನು ಇಮ್ಮಡಿ ಬಾಡಿಗೆ ತೆಗೆದುಕೊಂಡು, ಮಕ್ಕಳೇ ಎತ್ತು ಹೊಡೆಯಬೇಕು, ತಾನು ಬದಿಗೆ ನಡೆಯುವೆನೆಂದು ಷರತ್ತು ಹಾಕಿ ಹೊರಟನು. ಬುತ್ತಿ ಜೊತೆಗಿದ್ದರೂ ದಾರಿಯಲ್ಲಿ ಕುಡಿಯುವ ನೀರು ಸಿಗದೆ ಆ ರಾತ್ರಿ ಮಕ್ಕಳು ಹಸಿದೇ ಮಲಗಿದರು. ಒಂಬತ್ತು ಹತ್ತು ವರ್ಷದ ಹುಡುಗನ ಮನಸ್ಸಿನಲ್ಲಿ ಆ ನೀರಡಿಕೆ ಕಡೆಯವರೆಗೂ ಉಳಿಯಿತು.

ಮುಂದೆ ಮುಂಬಯಿಗೆ ಬಂದು, ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ 1907ರಲ್ಲಿ ಮ್ಯಾಟ್ರಿಕ್ ಮುಗಿಸಿದರು. ಅವರ ಗುಣವನ್ನು ಗುರುತಿಸಿದ ಕೃಷ್ಣಾಜಿ ಅರ್ಜುನ ಕೇಳುಸಕರ ಗುರುಗಳು ತಾವು ಬರೆದ ಬುದ್ಧ ಚರಿತ್ರೆಯನ್ನು ಕಾಣಿಕೆಯಾಗಿ ಕೊಟ್ಟರು. ಬಡೋದೆಯ ಮಹಾರಾಜ ಸಯಾಜಿರಾವ ಗಾಯಕವಾಡರ ವಿದ್ಯಾರ್ಥಿವೇತನ ದೊರೆತು 1912ರಲ್ಲಿ ಬಿ.ಎ. ಆಯಿತು. 1913ರ ಫೆಬ್ರುವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಮಹಾರಾಜರ ನೆರವಿನಿಂದ ಅಮೇರಿಕೆಯ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ತೆರಳಿ, 1915ರಲ್ಲಿ ಎಂ.ಎ. ಮುಗಿಸಿದರು. 1916ರಲ್ಲಿ ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರಕ್ಕೆ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್, ಬ್ಯಾರಿಸ್ಟರ್ ವಿದ್ಯೆಗೆ ಗ್ರೇಸ್ ಇನ್, ಹೀಗೆ ಎರಡು ಕಡೆ ಹೆಸರು ಹಚ್ಚಿದರು. ವಿದ್ಯಾರ್ಥಿವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಅರ್ಧಕ್ಕೆ ಬಿಟ್ಟು ಬರಬೇಕಾಯಿತು.

ಕರಾರಿನಂತೆ ಬಡೋದೆಯಲ್ಲಿ ನೌಕರಿಗೆ ನಿಂತರು. ಊರಿನಲ್ಲಿ ಇರಲು ಮನೆ ಸಿಗಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ಜಾತಿ ಮರೆಸಿ ಇಳಿದಿದ್ದಾಗ, ಕೆಲ ದಿನಗಳಲ್ಲಿ ಗುಟ್ಟು ತಿಳಿದ ಜನ ಬಡಿಗೆ ಹಿಡಿದು ಬಂದು ಹೊರಗೆ ಹಾಕಿದರು. ಪರದೇಶದ ಪದವಿ ಪಡೆದ ತರುಣರು ಸಾಮಾನು ಹಿಡಿದು ಸಾರ್ವಜನಿಕ ತೋಟದಲ್ಲಿ ಕುಳಿತು, ರೈಲು ಹತ್ತಿ ಮುಂಬಯಿಗೆ ಮರಳಿದರು. ವಿದ್ಯೆಯೊಂದರಿಂದಲೇ ಮಾನ ದೊರೆಯುವುದಿಲ್ಲ ಎಂಬುದು ಅವರಿಗೆ ಅಲ್ಲಿ ಮನದಟ್ಟಾಯಿತು.

ಅಧ್ಯಾಪಕ ವೃತ್ತಿ

1918ರಲ್ಲಿ ಮುಂಬಯಿಯ ಸಿಡನ್ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಪ್ರಾಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟಬಾರದೆಂದು ಸಹೋದ್ಯೋಗಿಗಳಲ್ಲಿ ಕೆಲವರು ತಕರಾರು ತೆಗೆದರು. ಅವರ ಪಾಠವಾದರೋ ಬೇರೆ ಕಾಲೇಜಿನ ವಿದ್ಯಾರ್ಥಿಗಳೂ ಬಂದು ಕೇಳುವಂತಿತ್ತು. ಸಂಬಳದಲ್ಲಿ ಉಳಿಸಿದ ಹಣ, ಕೊಲ್ಲಾಪುರದ ಶಾಹೂ ಛತ್ರಪತಿ ಮಹಾರಾಜರ ನೆರವು, ಗೆಳೆಯರಿಂದ ಪಡೆದ ಸಾಲ, ಇಷ್ಟನ್ನು ಕೂಡಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1922ರಲ್ಲಿ ಬ್ಯಾರಿಸ್ಟರ್ ಆದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧಕ್ಕೆ 1923ರಲ್ಲಿ ಡಿ.ಎಸ್‌ಸಿ. ಪದವಿ ದೊರೆಯಿತು.

1923ರಲ್ಲಿ ಮುಂಬಯಿ ಹಾಯಕೋರ್ಟಿನಲ್ಲಿ ವಕೀಲಿ ಆರಂಭಿಸಿದರು. ಅಸ್ಪೃಶ್ಯ ವಕೀಲರ ಕಡೆಗೆ ದೊಡ್ಡ ಕಕ್ಷಿಗಾರರು ಸುಳಿಯಲಿಲ್ಲ. ಬಡವರ ಸಣ್ಣ ಪುಟ್ಟ ಕೇಸುಗಳನ್ನು ಹಿಡಿದು ಜಿಲ್ಲಾ ಕೋರ್ಟುಗಳಿಗೂ ತಿರುಗಿದರು. ಸಂಸಾರದ ಖರ್ಚಿಗಾಗಿ 1925ರಿಂದ 1928ರವರೆಗೆ ಬಾಟ್ಲಿಬಾಯ್ ಅವರ ಲೆಕ್ಕಪತ್ರ ತರಬೇತಿ ಸಂಸ್ಥೆಯಲ್ಲಿ ವ್ಯಾಪಾರಿ ಕಾನೂನನ್ನು ಕಲಿಸಿದರು. ಅವರ ಕಾನೂನು ಪಾಠದ ವೃತ್ತಿ ಹೀಗೆ ಮೊದಲಾಯಿತು. 1928ರಲ್ಲಿ ಮುಂಬಯಿಯ ಸರಕಾರಿ ಕಾನೂನು ಮಹಾವಿದ್ಯಾಲಯದಲ್ಲಿ ಹಂಗಾಮಿ ಪ್ರಾಧ್ಯಾಪಕರಾಗಿ ಒಂದು ವರ್ಷ ದುಡಿದರು. ಮುಂದೆ 1935ರ ಜೂನ್ ತಿಂಗಳಲ್ಲಿ, 1855ರಷ್ಟು ಹಿಂದೆ ಸ್ಥಾಪಿತವಾದ ಅದೇ ಮಹಾವಿದ್ಯಾಲಯದ ಪ್ರಾಚಾರ್ಯ ಪದವಿ ಅವರನ್ನು ಅರಸಿ ಬಂದಿತು. 1938ರವರೆಗೆ ಆ ಗಾದಿಯಲ್ಲಿದ್ದರು.

ಅವರು ಸಿದ್ಧಪಡಿಸಿದ ಕಾನೂನಿನ ಟಿಪ್ಪಣಿಗಳು ಮಹಾರಾಷ್ಟ್ರ ಸರಕಾರ ಹೊರತಂದ ಸಮಗ್ರ ಬರಹಗಳಲ್ಲಿ ಅಚ್ಚಾಗಿವೆ. ಇಂಗ್ಲೆಂಡಿನ ರಾಜ್ಯವ್ಯವಸ್ಥೆ, ಸ್ವತ್ತಿನ ವರ್ಗಾವಣೆ, ಸಾಕ್ಷ್ಯ, ಮುದ್ದತಿನ ಕಾಯದೆ, ನ್ಯಾಸ, ಫೌಜದಾರಿ ಪ್ರಕ್ರಿಯೆ, ವಿಶಿಷ್ಟ ಪರಿಹಾರದ ಕಾಯದೆ ಹೀಗೆ ಅನೇಕ ವಿಷಯಗಳು ಅವುಗಳಲ್ಲಿವೆ. ಇವು ಒಣ ವಿಷಯಗಳೆಂದು ತೋರಬಹುದು. ಆದರೆ ಶಾಶ್ವತ ತಡೆಯಾಜ್ಞೆ ಎಂಬ ವಿಷಯ ಬರುವುದೇ ಆ ವಿಶಿಷ್ಟ ಪರಿಹಾರದ ಕಾಯದೆಯಲ್ಲಿ. ಅಂಥ ತಡೆಯಾಜ್ಞೆಯೊಂದನ್ನು ಬೇಡಿ ಆ ಪ್ರಾಧ್ಯಾಪಕರ ಮೇಲೆಯೇ ದಾವೆ ಹೂಡಲಾಗಿತ್ತು. ಆ ಕಥೆಯನ್ನು ಈಗ ನೋಡೋಣ.

ಮಹಾಡದ ಕೆರೆ

ಸಾರ್ವಜನಿಕ ಕೆರೆ, ಬಾವಿ, ಧರ್ಮಶಾಲೆಗಳನ್ನು ಅಸ್ಪೃಶ್ಯರೂ ಬಳಸಬಹುದೆಂದು 1923ರಲ್ಲಿ ಎಸ್.ಕೆ. ಬೋಲೆಯವರ ಪ್ರಯತ್ನದಿಂದ ಮುಂಬಯಿ ವಿಧಾನ ಪರಿಷತ್ತು ಠರಾವು ಮಾಡಿತ್ತು. ಅದರಂತೆ ಕೊಲಾಬಾ ಜಿಲ್ಲೆಯ ಮಹಾಡ ಪುರಸಭೆಯೂ 1924ರಲ್ಲಿ ತನ್ನ ಚವದಾರ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ಸಾರಿತು. ಠರಾವು ಕಾಗದದಲ್ಲಿ ಉಳಿಯಿತು. ಕೆರೆಯ ಮೆಟ್ಟಿಲಿಗೆ ಅಸ್ಪೃಶ್ಯರು ಇಳಿಯುವ ಧೈರ್ಯ ಮಾಡಲಿಲ್ಲ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ಶಾಂತವಾಗಿ ನಡೆದು ಹೋಗಿ ಆ ಕೆರೆಯ ನೀರನ್ನು ಕೈಯಲ್ಲಿ ಮುಟ್ಟಿ ಕುಡಿದರು. ಇವರು ಗುಡಿಯೊಳಗೂ ನುಗ್ಗುವರೆಂಬ ಸುಳ್ಳು ಸುದ್ದಿ ಹಬ್ಬಿ, ಊಟಕ್ಕೆ ಕುಳಿತಿದ್ದ ಪ್ರತಿನಿಧಿಗಳ ಮೇಲೆ ಹಲ್ಲೆಯಾಯಿತು. ತಿರುಗಿ ಕೈ ಎತ್ತಬಾರದೆಂದು ಅವರು ತಮ್ಮವರನ್ನು ತಡೆದರು. ಊರಿನವರು 108 ಕೊಡ ಪಂಚಗವ್ಯ ಸುರಿದು ಕೆರೆಯನ್ನು ಶುದ್ಧಿ ಮಾಡಿಕೊಂಡರು. ಡಿಸೆಂಬರಿನಲ್ಲಿ ಎರಡನೆಯ ಸಲ ಜನ ಸೇರುವ ಹೊತ್ತಿಗೆ, ಕೆರೆ ತಮ್ಮ ಖಾಸಗಿ ಸ್ವತ್ತೆಂದು ಕೆಲವರು ದಾವೆ ಹಾಕಿ ತಾತ್ಪೂರ್ತಿಕ ತಡೆಯಾಜ್ಞೆ ತಂದಿದ್ದರು. ಆ ಸಮ್ಮೇಳನದಲ್ಲಿ, ಡಿಸೆಂಬರ್ 25ರಂದು, ಮನುಸ್ಮೃತಿಯ ದಹನ ನಡೆಯಿತು. ಅದರಿಂದ ನೊಂದವರು, ಸಿಟ್ಟಾದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಆದರೆ ಸತ್ಯಾಗ್ರಹಕ್ಕೆಂದು ಸೇರಿದ್ದ ಆ ಜನಸ್ತೋಮವನ್ನು ಕೆರೆಗೆ ಇಳಿಯದಂತೆ ಒಪ್ಪಿಸಿ, ಕೋರ್ಟಿನ ಆಜ್ಞೆಗೆ ಮನ್ನಣೆ ಕೊಟ್ಟವರೂ ಅವರೇ ಎಂಬುದನ್ನು ಮರೆಯಬಾರದು. ಕಾನೂನು ಕಲಿಸುವವನು ಕಾನೂನನ್ನು ಮೀರದೆಯೇ ಗೆಲ್ಲಬೇಕು ಎಂಬ ಹಟ ಅವರದಾಗಿತ್ತು.

ಆ ಹಟ ಹತ್ತು ವರ್ಷ ನಡೆಯಿತು. ಮಹಾಡದ ಕೋರ್ಟು, ಠಾಣೆಯ ಜಿಲ್ಲಾ ಕೋರ್ಟು, ಅಲ್ಲಿಂದ ಹಾಯಕೋರ್ಟು. ಅಸ್ಪೃಶ್ಯರನ್ನು ಹೊರಗಿಡುವ ರೂಢಿ ಅನಾದಿಯಿಂದ ನಡೆದು ಬಂದುದು ಎಂಬುದು ಸಿದ್ಧವಾಗಿಲ್ಲ, ಆದ್ದರಿಂದ ತಡೆಯುವ ಅಧಿಕಾರ ವಾದಿಗಳಿಗೆ ಇಲ್ಲ ಎಂದು 1937ರ ಮಾರ್ಚ್ 17ರಂದು ಹಾಯಕೋರ್ಟು ತೀರ್ಪಿತ್ತಿತು. ಆಗ ಪ್ರತಿವಾದಿಯಾದ ಅಂಬೇಡಕರರು ಅದೇ ಮುಂಬಯಿಯ ಕಾನೂನು ಮಹಾವಿದ್ಯಾಲಯದ ಪ್ರಾಚಾರ್ಯರು. ಒಂದು ಬೊಗಸೆ ನೀರಿಗೆ ಹತ್ತು ವರ್ಷ!

ಮುಚ್ಚಿದ ಬಾಗಿಲು

1930ರ ಮಾರ್ಚ್ 2ರಂದು ನಾಸಿಕದ ಕಾಳಾರಾಮ ದೇವಸ್ಥಾನದ ಪ್ರವೇಶಕ್ಕಾಗಿ ಸತ್ಯಾಗ್ರಹ ಆರಂಭವಾಯಿತು. ದಾದಾಸಾಹೇಬ ಗಾಯಕವಾಡ ಮೊದಲಾದವರು ಅದನ್ನು ನಡೆಸಿದರು. ರಾಮನ ಹೆಸರು ಹೇಳುತ್ತಲೇ ಬಂದ ಭಕ್ತರ ಎದುರು ರಾಮನ ಗುಡಿಯ ಬಾಗಿಲುಗಳನ್ನು ಮುಚ್ಚಲಾಯಿತು. ರಾಮನವಮಿಯ ರಥ ಎಳೆಯುವಾಗ ಕಲ್ಲು ತೂರಾಟವೂ ನಡೆಯಿತು. ಸುಮಾರು ಐದು ವರ್ಷ ಜನ ಕಾದರು, ಜೇಲಿಗೆ ಹೋದರು. ಬಾಗಿಲು ತೆರೆಯಲಿಲ್ಲ.

ಇದೇ ಕಾಲದಲ್ಲಿ ಅವರ ಧರ್ಮಪತ್ನಿ ರಮಾಬಾಯಿಯವರ ಮನದಲ್ಲಿ ಒಂದು ಆಸೆ ಇತ್ತು. ನಮ್ಮ ಜಿಲ್ಲೆಯ ಪಂಢರಪುರಕ್ಕೆ ಹೋಗಿ ವಿಠ್ಠಲನ ದರ್ಶನ ಮಾಡಬೇಕೆಂಬುದೇ ಆ ಆಸೆ. ಹೋದರೆ ದೂರದಿಂದಲೇ ಕೈಮುಗಿದು ಬರಬೇಕು. ಭಕ್ತರನ್ನು ದೂರ ನಿಲ್ಲಿಸುವ ಪಂಢರಪುರ ಬೇಡ, ನಮ್ಮ ಸೇವೆಯಿಂದಲೇ ಬೇರೊಂದು ಪಂಢರಪುರವನ್ನು ಕಟ್ಟೋಣ ಎಂದು ಪತಿ ಸಮಾಧಾನ ಹೇಳಿದರಂತೆ. ಬಡತನದಲ್ಲಿ ಸಂಸಾರ ತೂಗಿಸಿ, ಮಕ್ಕಳನ್ನು ಕಳೆದುಕೊಂಡು ಬಳಲಿದ್ದ ಆ ತಾಯಿ 1935ರ ಮೇ 27ರಂದು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬಾಬಾಸಾಹೇಬರು ಪ್ರಾಚಾರ್ಯರ ಕುರ್ಚಿಯಲ್ಲಿ ಕುಳಿತರು. ಅದೇ ಅಕ್ಟೋಬರ್ 13ರಂದು ಯೇವಲೆಯ ಸಭೆಯಲ್ಲಿ, ತಾವು ಹಿಂದೂವಾಗಿ ಹುಟ್ಟಿದ್ದರೂ ಹಿಂದೂವಾಗಿ ಸಾಯುವುದಿಲ್ಲವೆಂದು ಘೋಷಿಸಿದರು. ಸಾನೆ ಗುರೂಜಿಯವರು 1947ರ ಮೇ ತಿಂಗಳಲ್ಲಿ ಉಪವಾಸ ಕೈಕೊಂಡ ಮೇಲೆ ವಿಠ್ಠಲನ ಬಾಗಿಲು ಎಲ್ಲರಿಗೂ ತೆರೆಯಿತು. ರಮಾಬಾಯಿಯವರು ಅದನ್ನು ಕಾಣಲು ಉಳಿದಿರಲಿಲ್ಲ. ಈ ಮಾತನ್ನು ಓದುವಾಗ ದೇವಸ್ಥಾನದ ಸೇವೆ ಮಾಡುವ ನಾವು ಒಂದು ಗಳಿಗೆ ತಲೆ ತಗ್ಗಿಸಬೇಕಾಗುತ್ತದೆ.

ರಾಜಕಾರಣ

1927ರಲ್ಲಿ ಮುಂಬಯಿ ವಿಧಾನ ಪರಿಷತ್ತಿನ ನಾಮಕರಣ ಸದಸ್ಯರಾಗಿ ಅವರ ರಾಜಕೀಯ ಜೀವನ ಆರಂಭವಾಯಿತು. ಗಿರಣಿಯಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಬಾಣಂತನದ ಸವಲತ್ತು ದೊರೆಯಬೇಕೆಂದು 1928ರಲ್ಲಿಯೇ ವಾದಿಸಿದರು. 1930ರಿಂದ 1932ರವರೆಗೆ ನಡೆದ ಮೂರೂ ದುಂಡುಮೇಜಿನ ಪರಿಷತ್ತುಗಳಲ್ಲಿ ಭಾಗವಹಿಸಿದರು. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಮಹಾತ್ಮಾ ಗಾಂಧೀಜಿಯವರೊಡನೆ ತೀವ್ರ ಭಿನ್ನಾಭಿಪ್ರಾಯ ಬಂದು, ಗಾಂಧೀಜಿಯವರು ಯರವಡಾ ಜೇಲಿನಲ್ಲಿ ಉಪವಾಸ ಹೂಡಿದಾಗ, 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ಪ್ರಾಂತಗಳ ವಿಧಾನಸಭೆಗಳಲ್ಲಿ 148 ಸ್ಥಾನಗಳು ದಲಿತ ವರ್ಗಕ್ಕೆ ಮೀಸಲಾದವು.

1936ರಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷವನ್ನು ಕಟ್ಟಿ, 1937ರಲ್ಲಿ ವಿಧಾನಸಭೆಗೆ ಆರಿಸಿ ಬಂದರು. ಕೊಂಕಣದ ರೈತರನ್ನು ಹಿಂಡುತ್ತಿದ್ದ ಖೋತಿ ಪದ್ಧತಿಯನ್ನು ರದ್ದು ಮಾಡುವ ಮಸೂದೆ ತಂದರು. 1942ರಿಂದ 1946ರವರೆಗೆ ವೈಸರಾಯರ ಕಾರ್ಯಕಾರಿ ಮಂಡಳದಲ್ಲಿ ಕಾರ್ಮಿಕ ಸದಸ್ಯರು. ಕಾರಖಾನೆಯ ದುಡಿಮೆಯನ್ನು ವಾರಕ್ಕೆ 48 ತಾಸಿಗೆ ಇಳಿಸುವ ಕಾಯದೆ, ದಾಮೋದರ ಕಣಿವೆಯ ನೀರಾವರಿ ಯೋಜನೆಯ ತಳಪಾಯ ಇವೆಲ್ಲ ಆ ಕಾಲದವು. ಗಿರಣಿಯ ಊರಾದ ನಮ್ಮ ಸೊಲ್ಲಾಪುರದ ದುಡಿಯುವ ಜನಕ್ಕೆ ಆ ತಾಸುಗಳ ಬೆಲೆ ಚೆನ್ನಾಗಿ ಗೊತ್ತು.

ಸೊಲ್ಲಾಪುರದೊಡನೆ ಅವರ ಸಂಬಂಧ ಇನ್ನೂ ಹಳೆಯದು. 1924ರಲ್ಲಿ ಅವರು ಸ್ಥಾಪಿಸಿದ ಬಹಿಷ್ಕೃತ ಹಿತಕಾರಿಣಿ ಸಭೆ 1925ರಲ್ಲಿ ವಿದ್ಯಾರ್ಥಿ ವಸತಿಗೃಹವನ್ನು ತೆರೆದದ್ದು ಇದೇ ಊರಿನಲ್ಲಿ. ಸಭೆ ಸಮಾರಂಭಗಳಿಗಿಂತ ಮೊದಲು ಮಕ್ಕಳ ಓದಿಗೆ ಅನ್ನ ಮತ್ತು ಸೂರು ಬೇಕೆಂದು ಬಲ್ಲ ಅಧ್ಯಾಪಕರ ಕೆಲಸವದು.

ಸಂವಿಧಾನ

1947ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ಮೊದಲ ಕಾನೂನು ಮಂತ್ರಿಯಾದರು. ಅದೇ ತಿಂಗಳ ಕೊನೆಗೆ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷ ಪದವಿ ಅವರಿಗೆ ಬಂದಿತು. ಮೊದಲ ಕರಡನ್ನು ಸಿದ್ಧಪಡಿಸಿದವರು ದಕ್ಷಿಣ ಕನ್ನಡ ಮೂಲದ ಬೆನಗಲ್ ನರಸಿಂಗರಾಯರು. ಸಮಿತಿಯ ಸದಸ್ಯರಲ್ಲಿ ಮೈಸೂರಿನ ದಿವಾನರಾಗಿದ್ದ ಎನ್. ಮಾಧವರಾಯರೂ ಇದ್ದರು. ಕನ್ನಡ ನಾಡಿನೊಡನೆ ನಂಟಿದ್ದ ಈ ಇಬ್ಬರು ಆ ಮಹತ್ಕಾರ್ಯದಲ್ಲಿ ಕೈಗೂಡಿಸಿದ್ದು ನಮಗೆ ಹೆಮ್ಮೆ. ಸಮಿತಿಯವರಲ್ಲಿ ಒಬ್ಬರು ತೀರಿಕೊಂಡು, ಕೆಲವರು ದೂರವಿದ್ದು, ಕಡೆಗೆ ಭಾರವೆಲ್ಲ ಅಂಬೇಡಕರರ ಮೇಲೆ ಬಿದ್ದಿತೆಂದು ಸದಸ್ಯರಾಗಿದ್ದ ಟಿ.ಟಿ. ಕೃಷ್ಣಮಾಚಾರಿಯವರೇ ಸಭೆಯಲ್ಲಿ ಹೇಳಿದರು. ಸಕ್ಕರೆ ಕಾಯಿಲೆಯಿಂದ ಬಳಲುತ್ತಲೇ ಅವರು ದುಡಿದರು. ಮಂಡಿಸಲಾದ 2473 ತಿದ್ದುಪಡಿಗಳನ್ನು ಸಭೆ ವಿಚಾರ ಮಾಡಿತು. ತರಗತಿಯಲ್ಲಿ ವಿದ್ಯಾರ್ಥಿಯ ಸಂಶಯಕ್ಕೆ ಉತ್ತರ ಹೇಳುವಂತೆ ಅವರು ಒಂದೊಂದು ಕಲಮಿಗೂ ಎದ್ದು ನಿಂತು ವಿವರಿಸಿದರು. 1949ರ ನವೆಂಬರ್ 26ರಂದು 395 ಕಲಮುಗಳ ಸಂವಿಧಾನ ಅಂಗೀಕಾರವಾಯಿತು.

ಅದರ 17ನೆಯ ಕಲಮು ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ಕಲಮಿನಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಲ್ಲಿ ಭೇದ ಮಾಡಬಾರದೆಂದು ಬರೆದಿದೆ. ಅಲ್ಲಿ ಮಹಾಡದ ಕೆರೆ ಕಾಣುತ್ತದೆ. 25ನೆಯ ಕಲಮು ಸಾರ್ವಜನಿಕ ಸ್ವರೂಪದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯುವ ಕಾನೂನಿಗೆ ದಾರಿ ಇಟ್ಟಿದೆ. ಅಲ್ಲಿ ನಾಸಿಕದ ಮುಚ್ಚಿದ ಬಾಗಿಲು ಕಾಣುತ್ತದೆ.

ಗಡಿಯಾಚೆ ನೆಲೆಸಿದ ನಮ್ಮಂಥ ಕನ್ನಡಿಗರು ತಿಳಿಯಲೇಬೇಕಾದ ಇನ್ನೊಂದು ಸಂಗತಿಯಿದೆ. ಭಾಷೆ, ಲಿಪಿ, ಸಂಸ್ಕೃತಿಗಳ ರಕ್ಷಣೆಯ ಕಲಮು 1948ರ ಡಿಸೆಂಬರಿನಲ್ಲಿ ಚರ್ಚೆಗೆ ಬಂದಾಗ, ಅಲ್ಪಸಂಖ್ಯಾತರೆಂದರೆ ಧರ್ಮದಿಂದ ಮಾತ್ರವಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಮದರಾಸಿನ ಕಡೆಯಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರು, ಮಹಾರಾಷ್ಟ್ರದಿಂದ ಬಂಗಾಲಕ್ಕೆ ಹೋದವರು ಕೂಡ ಭಾಷೆ ಸಂಸ್ಕೃತಿಗಳ ಮಟ್ಟಿಗೆ ಅಲ್ಪಸಂಖ್ಯಾತರೇ ಎಂದು ಉದಾಹರಣೆ ಕೊಟ್ಟರು. ಇಂದಿನ 29 ಮತ್ತು 30ನೆಯ ಕಲಮುಗಳು ಅವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ನಮ್ಮ ಮಕ್ಕಳು ಕನ್ನಡ ಶಾಲೆಯ ಮೆಟ್ಟಿಲು ಹತ್ತುವಾಗ ಅವರ ಬೆನ್ನಿಗೆ ಈ ಕಲಮುಗಳ ಆಸರೆ ಇದೆ.

ಕೊನೆಯ ದಿನಗಳು

ಹೆಣ್ಣುಮಕ್ಕಳಿಗೆ ಆಸ್ತಿಯ ಹಕ್ಕು, ವಿವಾಹ ವಿಚ್ಛೇದನದ ಹಕ್ಕು ಕೊಡುವ ಹಿಂದೂ ಸಂಹಿತೆಯ ಮಸೂದೆ ಅವರ ಮತ್ತೊಂದು ದೊಡ್ಡ ಕೆಲಸ. ಸಂಸತ್ತಿನಲ್ಲಿ ಅದು ಮುಂದೆ ಸಾಗದಿದ್ದುದರಿಂದ 1951ರ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟರು. ಅದೇ ಮಸೂದೆಯ ತಿರುಳು 1955 ಮತ್ತು 1956ರಲ್ಲಿ ನಾಲ್ಕು ಬೇರೆ ಬೇರೆ ಕಾಯದೆಗಳಾಗಿ ಬಂದಿತು. ಸಂವಿಧಾನ ಬರೆದವರು 1952ರ ಲೋಕಸಭೆ ಚುನಾವಣೆಯಲ್ಲಿ ಮುಂಬಯಿಯಲ್ಲಿ ಸೋತರು, 1954ರಲ್ಲಿ ಭಂಡಾರೆಯಲ್ಲಿಯೂ ಸೋತರು. ರಾಜ್ಯಸಭೆಯ ಸದಸ್ಯರಾಗಿ ಕೊನೆಯವರೆಗೆ ಸೇವೆ ಸಲ್ಲಿಸಿದರು.

ಶಿಕ್ಷಣದ ಕೆಲಸ ಮಾತ್ರ ಎಂದೂ ನಿಲ್ಲಲಿಲ್ಲ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸಾಯಿಟಿ ಕಟ್ಟಿ, 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜನ್ನು ತೆರೆದರು. 1956ರಲ್ಲಿ ಅದೇ ಸಂಸ್ಥೆಯಿಂದ ಸಿದ್ಧಾರ್ಥ ಕಾನೂನು ಕಾಲೇಜು ಆರಂಭವಾಯಿತು. ಕಾನೂನಿನ ಮೇಷ್ಟ್ರು ಕಡೆಯ ವರ್ಷ ಕಾನೂನು ಕಲಿಸುವ ಮನೆಯನ್ನೇ ಕಟ್ಟಿಕೊಟ್ಟರು. ಅದೇ ವರ್ಷದ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದರು. 1956ರ ಡಿಸೆಂಬರ್ 6ರಂದು ದಿಲ್ಲಿಯಲ್ಲಿ ದೇಹಬಿಟ್ಟರು. ಮುಂಬಯಿಯ ದಾದರದ ಕಡಲ ದಂಡೆಯಲ್ಲಿ ಅಂತ್ಯಸಂಸ್ಕಾರವಾಯಿತು. 1990ರಲ್ಲಿ ಭಾರತರತ್ನ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.

ಓದುಗ ಬಂಧುಗಳೇ, ಅವರು ನಮ್ಮ ಧರ್ಮವನ್ನು ಬಿಟ್ಟುಹೋದರು ಎಂದು ನೊಂದುಕೊಳ್ಳುವವರು, ಹೋಗುವ ಮುನ್ನ ಅವರು ನಮ್ಮ ಬಾಗಿಲಲ್ಲಿ ಐದು ವರ್ಷ ಕಾದಿದ್ದರು ಎಂಬುದನ್ನೂ ನೆನೆಯಬೇಕು. 1924ರಲ್ಲಿ ಮಹಾಡದ ಪುರಸಭೆ ಠರಾವು ಬರೆದರೂ ಕೆರೆ ತೆರೆಯಲಿಲ್ಲ. ಇಂದು ಸಂವಿಧಾನ ಬರೆದಿದ್ದರೂ, ಬಾಗಿಲು ನಿಜವಾಗಿ ತೆರೆದಿದೆಯೇ ಎಂದು ನೋಡಿಕೊಳ್ಳುವ ಹೊಣೆ ಆಯಾ ಊರಿನವರ ಮೇಲೆಯೇ ಇದೆ. ಜಾತ್ರೆಯ ದಿನ ತೇರಿನ ಹಗ್ಗಕ್ಕೆ ಎಲ್ಲರ ಕೈಯೂ ಹತ್ತಲಿ, ದಾಸೋಹದ ಪಂಕ್ತಿಯಲ್ಲಿ ಎಲ್ಲರೂ ಒಟ್ಟಿಗೆ ಕೂಡಲಿ, ಕುಡಿಯುವ ನೀರಿನ ಕೊಡ ಎಲ್ಲರಿಗೂ ಒಂದೇ ಇರಲಿ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ಕೊಂಡಾಡಿದ ಶರಣರ ನಾಡಿನವರಾದ ನಮಗೆ ಇದು ಹೊಸ ಪಾಠವಲ್ಲ. ಮರೆತಿದ್ದರೆ ನೆನಪಿಸಿಕೊಟ್ಟ ಗುರು ಬಾಬಾಸಾಹೇಬರು. ಅವರಿಗೆ ನಮ್ಮ ಭಕ್ತಿಪೂರ್ವಕ ನಮನಗಳು.